ಸುಲ್ತಾನ್ ಬಜಾರಿನ ಕಿಟ್ಟಿ ಮತ್ತು ನಮ್ಮ ಮಕ್ಕಳ ಇಂಗ್ಲಿಷ್

ಹೋದ ವಾರದ ವಿಡಿಯೋದ ಬರಹರೂಪ ಇದು. ಮಾತಿನ ಓಘದಲ್ಲಿ ಬಿಟ್ಟುಹೋಗಿದ್ದ ಇಸವಿಗಳನ್ನು ಸೇರಿಸಿದ್ದೇನೆ, ಉಳಿದದ್ದು ಹೆಚ್ಚುಕಮ್ಮಿ ಹಾಗೇ ಇದೆ.

ಹೈಟೆಕ್ ಸಿಟಿ ಕಡೆಯ ನಮ್ಮ ಕನ್ನಡದವರು ನಾಲ್ಕು ಜನ ಸೇರಿದಾಗ ಒಂದು ಪ್ರಶ್ನೆ ಬಂದೇ ಬರುತ್ತೆ. ಮಕ್ಕಳಿಗೆ ಇಂಗ್ಲಿಷ್ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಇಂಗ್ಲಿಷ್ ಸಾಹಿತ್ಯ ಯಾಕೆ? ಡಿಕನ್ಸ್ ಓದಿದರೆ ಇಂಟರ್‌ವ್ಯೂನಲ್ಲಿ ಯಾರಾದ್ರೂ ಕೇಳ್ತಾರಾ? ಸ್ಪೋಕನ್ ಇಂಗ್ಲಿಷ್ ಸಾಕಲ್ವಾ? ಇದರ ಬೆನ್ನಿಗೇ ಇನ್ನೊಂದು ಪ್ರಶ್ನೆ: ಕನ್ನಡ ಓದೋಕೆ ಬರದಿದ್ದರೆ ಏನು ನಷ್ಟ, ಮಾತಾಡೋಕೆ ಬಂದರೆ ಆಯ್ತಲ್ಲ?

ಈ ಎರಡೂ ಪ್ರಶ್ನೆ ಹೊಸದಲ್ಲ. ಇನ್ನೂರು ವರ್ಷದ ಹಿಂದೆ, ಇಂಗ್ಲೆಂಡಿನಲ್ಲಿ ಹಬೆಯಂತ್ರಗಳ ಕಾಲ ನಡೆಯುತ್ತಿದ್ದಾಗ, ಇವೇ ಪ್ರಶ್ನೆಗಳು ಅಲ್ಲಿ ಎದ್ದಿದ್ದವು. ಆ ಕಥೆಯ ಒಂದು ಎಳೆ ಶುರುವಾಗುವುದು ನಮ್ಮ ಹೈದರಾಬಾದಿನ ಸುಲ್ತಾನ್ ಬಜಾರಿನಲ್ಲಿ.

ಕೋಠಿಯ ಮನೆ

ಸುಲ್ತಾನ್ ಬಜಾರ್ ಅಂದರೆ ನಮಗೆ ಸೀರೆ ಅಂಗಡಿ, ಬಳೆ ಅಂಗಡಿ, ಪಕ್ಕದ ಕೋಠಿಯಲ್ಲಿ ಹಳೇ ಪುಸ್ತಕದ ಸಾಲು. ಈಗ ಆ ಹೆಸರಿನ ಮೆಟ್ರೋ ಸ್ಟೇಷನ್ನೂ ಇದೆ. ಈ ಪೇಟೆಯ ಮೊದಲಿನ ಹೆಸರು ರೆಸಿಡೆನ್ಸಿ ಬಜಾರ್. ನಿಜಾಮರ ದರ್ಬಾರಿನಲ್ಲಿ ಬ್ರಿಟಿಷ್ ಕಂಪನಿಯ ಪ್ರತಿನಿಧಿಯಾಗಿದ್ದ ರೆಸಿಡೆಂಟ್ ಸಾಹೇಬರ ಬಂಗಲೆಯ ಸುತ್ತ ಬೆಳೆದ ಪೇಟೆ ಅದು. ಆ ಬಂಗಲೆ, ಅಂದರೆ ಕೋಠಿ, ಇವತ್ತಿಗೂ ಇಡೀ ಬಡಾವಣೆಯ ಹೆಸರಾಗಿ ಉಳಿದಿದೆ. ಸುತ್ತಲೂ ನಿಜಾಮರ ರಾಜ್ಯವಿದ್ದರೂ ಈ ಬಜಾರಿನೊಳಗೆ ಬ್ರಿಟಿಷರ ಕಾನೂನು ನಡೆಯುತ್ತಿತ್ತು. 1933ರಲ್ಲಿ ಇದು ನಿಜಾಮರ ಕೈಗೆ ವಾಪಸ್ ಬಂದು ಸುಲ್ತಾನ್ ಬಜಾರ್ ಆಯಿತು.

ಆ ಬಂಗಲೆಯನ್ನು ಕಟ್ಟಿಸಲು ಹಿಡಿದವರು ಜೇಮ್ಸ್ ಅಕಿಲೀಸ್ ಕರ್ಕ್‌ಪ್ಯಾಟ್ರಿಕ್. 1798ರಿಂದ 1805ರವರೆಗೆ ಇಲ್ಲಿ ರೆಸಿಡೆಂಟ್ ಆಗಿದ್ದರು. ಅವರು ಮದುವೆಯಾದದ್ದು ಹೈದರಾಬಾದಿನ ದೊಡ್ಡ ಮನೆತನದ ಖೈರುನ್ನೀಸಾ ಅವರನ್ನು. ಈ ಪ್ರೇಮಕಥೆ ಬಹಳ ಜನಕ್ಕೆ ಗೊತ್ತು, ಅದನ್ನು ಇಲ್ಲಿ ಮತ್ತೆ ಹೇಳುವುದಿಲ್ಲ. ನಮಗೆ ಬೇಕಾಗಿರುವುದು ಅವರ ಮಗಳು.

ಮೂರು ವರ್ಷದ ಹುಡುಗಿ

ಮಗಳು ಹುಟ್ಟಿದ್ದು 1802ರಲ್ಲಿ. ಮನೆಯಲ್ಲಿ ಆಕೆಯನ್ನು ಸಾಹೇಬ್ ಬೇಗಂ ಅಂತ ಕರೆಯುತ್ತಿದ್ದರು. ಅವಳಿಗಿಂತ ದೊಡ್ಡ ಅಣ್ಣನೊಬ್ಬ ಇದ್ದ. 1805ರಲ್ಲಿ, ಹುಡುಗಿಗೆ ಮೂರು ವರ್ಷವಾಗಿದ್ದಾಗ, ಇಬ್ಬರನ್ನೂ ಮದ್ರಾಸಿನಿಂದ ಹಡಗು ಹತ್ತಿಸಿ ಇಂಗ್ಲೆಂಡಿಗೆ ಕಳಿಸಿದರು. ಅದೇ ವರ್ಷ ತಂದೆ ಕಲ್ಕತ್ತೆಯಲ್ಲಿ ತೀರಿಕೊಂಡರು. ತಾಯಿ ತೀರಿಕೊಂಡದ್ದು 1813ರಲ್ಲಿ. ಮಕ್ಕಳನ್ನು ಅವರು ಮತ್ತೆ ನೋಡಲೇ ಇಲ್ಲ.

ಅಷ್ಟು ಸಣ್ಣ ಮಕ್ಕಳನ್ನು ಯಾಕೆ ಕಳಿಸಿದರು? ಕಂಪನಿ 1790ರ ದಶಕದಲ್ಲಿ ಒಂದು ನಿಯಮ ತಂದಿತ್ತು. ತಂದೆ ಅಥವಾ ತಾಯಿ ಭಾರತೀಯರಾಗಿದ್ದರೆ ಅಂಥವರಿಗೆ ಕಂಪನಿಯ ದೊಡ್ಡ ನೌಕರಿಗಳ ಬಾಗಿಲು ಮುಚ್ಚಿತು. ಇಂಥ ಮಕ್ಕಳಿಗೆ ಮರ್ಯಾದೆಯ ಬದುಕು ಬೇಕಾದರೆ ಇಂಗ್ಲೆಂಡಿನಲ್ಲಿ ಬೆಳೆದು, ಇಂಗ್ಲಿಷರಂತೆ ಮಾತಾಡಿ, ಇಂಗ್ಲಿಷರೇ ಆಗಿಬಿಡಬೇಕಿತ್ತು. ತಂದೆ ಪ್ರೀತಿಯಿಲ್ಲದೆ ಕಳಿಸಲಿಲ್ಲ, ಮಕ್ಕಳ ಫ್ಯೂಚರ್ ನೋಡಿ ಕಳಿಸಿದರು. ಈ ಮಾತು ನಮ್ಮ ಯಾವ ಮನೆಯಲ್ಲಿ ಕೇಳಿಸಿಲ್ಲ ಹೇಳಿ?

ಲಂಡನ್ನಿನಲ್ಲಿ ಆಕೆಗೆ ದೀಕ್ಷಾಸ್ನಾನ ಕೊಟ್ಟು ಕ್ಯಾಥರೀನ್ ಅರೋರಾ ಅಂತ ಹೆಸರಿಟ್ಟರು. ಎಲ್ಲರ ಬಾಯಲ್ಲಿ ಆಕೆ ಕಿಟ್ಟಿ ಆದಳು. ಬೆಳೆದದ್ದು ಅಜ್ಜನ ಮನೆಯಲ್ಲಿ, ತಂದೆಯ ಕಡೆಯ ಬಂಧುಗಳ ನಡುವೆ.

ಟ್ಯೂಷನ್ ಮೇಷ್ಟ್ರು ಕಾರ್ಲೈಲ್

ಆ ಬಂಧುಗಳಲ್ಲಿ ಬುಲ್ಲರ್ ಅನ್ನೋ ಮನೆತನದವರೂ ಇದ್ದರು. 1822ರಲ್ಲಿ ಅವರು ತಮ್ಮ ಹುಡುಗರಿಗೆ ಪಾಠ ಹೇಳಲು ಒಬ್ಬ ಬಡ ಸ್ಕಾಟಿಷ್ ಯುವಕನನ್ನು ನೇಮಿಸಿಕೊಂಡರು. ಆತನೇ ಥಾಮಸ್ ಕಾರ್ಲೈಲ್. ಕಲ್ಲುಕೆಲಸದವನ ಮಗ. ಹದಿನಾಲ್ಕು ತುಂಬುವ ಮೊದಲೇ, 1809ರಲ್ಲಿ, ಊರಿನಿಂದ ಎಡಿನ್‌ಬರೋ ಯೂನಿವರ್ಸಿಟಿಗೆ ಸುಮಾರು ನೂರು ಮೈಲಿ ನಡೆದೇ ಹೋಗಿ ಸೇರಿದವನು. ನಮ್ಮಲ್ಲಿ ಮನೆಯ ಮೊದಲ ಡಿಗ್ರಿಯವರು ಅಂತೀವಲ್ಲ, ಆ ಜಾತಿಯ ಹುಡುಗ.

1824ರಲ್ಲಿ ಲಂಡನ್ನಿಗೆ ಬಂದಾಗ ಆತ ಕಿಟ್ಟಿಯನ್ನು ನೋಡಿದ. ಅದೇ ವರ್ಷ ಆಕೆ, ಆಕೆಯ ಬಂಧುಗಳ ಜೊತೆ ಪ್ಯಾರಿಸ್‌ಗೂ ಹೋಗಿಬಂದ. ಆಕೆ ದೊಡ್ಡ ಆಸ್ತಿಯ ಒಡತಿ, ಆತ ಟ್ಯೂಷನ್ ಮೇಷ್ಟ್ರು. ಏನೂ ಆಗುವಂತಿರಲಿಲ್ಲ. ಆದರೆ ಆತ ಆಮೇಲೆ ಬರೆದ 'ಸಾರ್ಟರ್ ರಿಸಾರ್ಟಸ್' ಎಂಬ ವಿಚಿತ್ರ ಪುಸ್ತಕದಲ್ಲಿ ಬ್ಲೂಮೀನ್ ಅನ್ನೋ ಹುಡುಗಿ ಬರುತ್ತಾಳೆ. ಆ ಪಾತ್ರದಲ್ಲಿ ಕಿಟ್ಟಿಯ ನೆರಳಿದೆ ಅಂತ ಅನೇಕರು ಹೇಳುತ್ತಾರೆ. ಅದು 1833–34ರಲ್ಲಿ ಒಂದು ಪತ್ರಿಕೆಯಲ್ಲಿ ಕಂತುಕಂತಾಗಿ ಬಂತು.

ಕಾರ್ಲೈಲ್ ನಮಗೆ ಮುಖ್ಯವಾಗುವುದು ಬೇರೆ ಕಾರಣಕ್ಕೆ. ತನ್ನ ಕಾಲವನ್ನು ಯಂತ್ರದ ಕಾಲ ಅಂತ ಕರೆದು, ಆ ಮಾತನ್ನು ಕೊನೆಯವರೆಗೂ ಬೆನ್ನಟ್ಟಿ ಹೋದ ಲೇಖಕ ಆತ. 1829ರ ಒಂದು ಪ್ರಬಂಧದಲ್ಲಿ ಆತನ ವಾದ ಹೀಗಿದೆ: ಮಗ್ಗಕ್ಕೆ ಯಂತ್ರ ಬಂತು, ಗಾಡಿಗೆ ಯಂತ್ರ ಬಂತು, ಅದು ಸರಿ, ಆದರೆ ಮನುಷ್ಯ ಈಗ ಯೋಚನೆ ಮಾಡುವುದೂ ಯಂತ್ರದ ಹಾಗೆ ಆಗುತ್ತಿದೆ, ಶಿಕ್ಷಣವೂ ಒಂದು ಯಂತ್ರವಾಗುತ್ತಿದೆ. 1839ರಲ್ಲಿ ಕಾರ್ಮಿಕರ ಚಾರ್ಟಿಸ್ಟ್ ಚಳವಳಿ ನಡೆಯುತ್ತಿದ್ದಾಗ, ದೇಶದ ಸ್ಥಿತಿ ಏನು ಅನ್ನೋದೇ ದೊಡ್ಡ ಪ್ರಶ್ನೆ, ಉಳಿದದ್ದೆಲ್ಲ ಆಮೇಲೆ ಅಂತ ಬರೆದ. ಒಂದು ಮಾತು ಇಲ್ಲೇ ಹೇಳಿಬಿಡಬೇಕು. ಇದೇ ಮನುಷ್ಯ 1849ರಲ್ಲಿ ವೆಸ್ಟ್ ಇಂಡೀಸಿನ ಕಪ್ಪು ಜನರ ಬಗ್ಗೆ ತೀರಾ ಹೀನವಾಗಿ ಬರೆದ. ಬಡವರ ಪರ ಮಿಡಿದ ಹೃದಯ ಎಲ್ಲ ಬಡವರಿಗೂ ಮಿಡಿಯಲಿಲ್ಲ. ಇವರನ್ನು ಓದುವಾಗ ಪೂಜೆ ಮಾಡುವ ಅಗತ್ಯ ಇಲ್ಲ ಅನ್ನೋದಕ್ಕೆ ಈ ಮಾತು.

ಮದ್ರಾಸಿನ ಮರಳು

ಈಗ ಆ ಶಿಕ್ಷಣದ ಯಂತ್ರ ಹೇಗಿತ್ತು ನೋಡೋಣ. ಅದರ ಒಂದು ಮುಖ್ಯ ಭಾಗ ನಮ್ಮ ದಕ್ಷಿಣದಿಂದಲೇ ಹೋದದ್ದು.

ಆಂಡ್ರ್ಯೂ ಬೆಲ್ ಅನ್ನೋ ಪಾದ್ರಿ 1789ರಿಂದ ಮದ್ರಾಸಿನ ಎಗ್ಮೋರಿನಲ್ಲಿ ಒಂದು ಅನಾಥಾಲಯ ನೋಡಿಕೊಳ್ಳುತ್ತಿದ್ದ. ಅಲ್ಲಿದ್ದವರು ಬ್ರಿಟಿಷ್ ಸಿಪಾಯಿಗಳ ಗಂಡುಮಕ್ಕಳು. ಬಹಳ ಜನರ ತಾಯಂದಿರು ಭಾರತೀಯರು. ಕಿಟ್ಟಿಯಂಥ ಮಕ್ಕಳೇ, ಆದರೆ ತಂದೆಯ ಹತ್ತಿರ ಹಣ ಇಲ್ಲದವರು. ಬೆಲ್‌ಗೆ ಮೇಷ್ಟ್ರುಗಳ ಕೊರತೆ. ಒಂದು ದಿನ ಊರ ಶಾಲೆಯಲ್ಲಿ ಮಲಬಾರಿನ ಮಕ್ಕಳು ಮರಳಿನ ಮೇಲೆ ಬೆರಳಾಡಿಸಿ ಅಕ್ಷರ ಬರೆಯುವುದನ್ನು ನೋಡಿದ. ನಮ್ಮ ಮುತ್ತಜ್ಜಂದಿರು ಐಗಳ ಮಠದಲ್ಲಿ ಮರಳ ಮೇಲೆ ತಿದ್ದಿದರಲ್ಲ, ಅದೇ ಪದ್ಧತಿ. ಬೆಲ್ ಅದನ್ನು ಎತ್ತಿಕೊಂಡ. ಕಲಿತ ಹುಡುಗ ಕಲಿಯದ ಹುಡುಗನಿಗೆ ಹೇಳಿಕೊಡುವ ವ್ಯವಸ್ಥೆ ಮಾಡಿದ. 1797ರಲ್ಲಿ ಲಂಡನ್ನಿನಲ್ಲಿ ಅದರ ಬಗ್ಗೆ ಪುಸ್ತಕ ಹಾಕಿಸಿದ. ಅದಕ್ಕೆ ಮದ್ರಾಸ್ ಪದ್ಧತಿ ಅಂತಲೇ ಹೆಸರಾಯಿತು.

ಇಂಗ್ಲೆಂಡಿನ ಕೈಗಾರಿಕಾ ಊರುಗಳಿಗೆ ಇದು ವರವಾಗಿ ಕಂಡಿತು. ಹಳ್ಳಿ ಬಿಟ್ಟು ಮಿಲ್ಲಿಗೆ ಬಂದ ಕುಟುಂಬಗಳು, ಬೀದಿ ತುಂಬ ಮಕ್ಕಳು. ಒಬ್ಬ ಮೇಷ್ಟ್ರು, ನೂರಾರು ಮಕ್ಕಳು, ನಡುವೆ ಮಾನಿಟರ್‌ಗಳು. ಖರ್ಚು ಕಡಿಮೆ, ಶಿಸ್ತು ಜಾಸ್ತಿ. 1811ರಲ್ಲಿ ಚರ್ಚಿನ ನ್ಯಾಷನಲ್ ಸೊಸೈಟಿ ಇದೇ ಪದ್ಧತಿಯಲ್ಲಿ ದೇಶದ ತುಂಬ ಶಾಲೆ ತೆರೆಯಲು ಶುರುಮಾಡಿತು. ನಮ್ಮ ಜಗುಲಿಯ ಮೇಲೆ ಐಗಳು ಒಂದೊಂದು ಮಗುವಿನ ಕೈಹಿಡಿದು ತಿದ್ದಿಸುತ್ತಿದ್ದ ಮರಳು, ಅಲ್ಲಿ ಸಾಲಾಗಿ ಕೂತ ಮಕ್ಕಳು ಶಿಳ್ಳೆ ಊದಿದ ತಕ್ಷಣ ಒಟ್ಟಿಗೇ ಬರೆದು ಒಟ್ಟಿಗೇ ಅಳಿಸುವ ಕವಾಯತು ಆಯಿತು.

1833ರ ಫ್ಯಾಕ್ಟರಿ ಕಾಯಿದೆ ಇನ್ನೊಂದು ಹೆಜ್ಜೆ. ಜವಳಿ ಮಿಲ್ಲುಗಳಲ್ಲಿ ದುಡಿಯುವ ಒಂಬತ್ತರಿಂದ ಹದಿಮೂರು ವರ್ಷದ ಮಕ್ಕಳಿಗೆ ವಾರಕ್ಕೆ 48 ಗಂಟೆ ಮಾತ್ರ ಕೆಲಸ, ದಿನಕ್ಕೆ ಎರಡು ಗಂಟೆ ಪಾಠ. ಆ ಕಾಲಕ್ಕೆ ಅದು ದೊಡ್ಡ ಸುಧಾರಣೆ. ಒಂಬತ್ತು ವರ್ಷದ ಮಗುವಿಗೆ ವಾರಕ್ಕೆ 48 ಗಂಟೆ! ನಮ್ಮ ಆಫೀಸಿನ ಟೈಮ್‌ಶೀಟ್‌ಗಿಂತ ಹೆಚ್ಚು.

ಆಮೇಲೆ 1862ರಲ್ಲಿ ಬಂದದ್ದು ನಮಗೆ ಚೆನ್ನಾಗಿ ಪರಿಚಯ ಇರುವ ಐಡಿಯಾ. ಹಾಜರಿ ಎಷ್ಟು, ಓದು–ಬರಹ–ಲೆಕ್ಕದ ಪರೀಕ್ಷೆಯಲ್ಲಿ ಎಷ್ಟು ಮಕ್ಕಳು ಪಾಸು, ಅದರ ಮೇಲೆ ಶಾಲೆಗೆ ಸರ್ಕಾರದ ಅನುದಾನ. ಫಲಿತಾಂಶಕ್ಕೆ ತಕ್ಕ ಕಾಸು. ಏನಾಯ್ತು? ಪರೀಕ್ಷೆಗೆ ಬರುವ ಪುಸ್ತಕವನ್ನು ಮಕ್ಕಳಿಗೆ ಬಾಯಿಪಾಠ ಮಾಡಿಸಿದರು. ಕವಿ ಮ್ಯಾಥ್ಯೂ ಆರ್ನಾಲ್ಡ್ 1851ರಿಂದ 35 ವರ್ಷ ಶಾಲಾ ಇನ್‌ಸ್ಪೆಕ್ಟರ್ ಆಗಿದ್ದವರು. ಸರ್ಕಾರಿ ನೌಕರಿಯಲ್ಲಿದ್ದುಕೊಂಡೇ ಅವರು ಇದನ್ನು ವಿರೋಧಿಸಿದರು. ಕೆಪಿಐ ಯಾವುದನ್ನು ಅಳೆಯುತ್ತೋ ಕೆಲಸ ಅದಷ್ಟೇ ಆಗುತ್ತೆ ಅನ್ನೋದು ನಮಗೆ ಪ್ರತಿ ಅಪ್ರೈಸಲ್‌ನಲ್ಲೂ ಗೊತ್ತಾಗುತ್ತಲ್ವಾ?

ಕುದುರೆ ಅಂದ್ರೇನು?

ಈ ಹಿನ್ನೆಲೆಯಲ್ಲಿ ಡಿಕನ್ಸ್ 1854ರಲ್ಲಿ 'ಹಾರ್ಡ್ ಟೈಮ್ಸ್' ಬರೆದರು. ಪುಸ್ತಕವಾಗಿ ಬಂದಾಗ ಅದನ್ನು ಅರ್ಪಿಸಿದ್ದು ಯಾರಿಗೆ ಗೊತ್ತಾ? ಕಾರ್ಲೈಲ್‌ಗೆ. ಸುಲ್ತಾನ್ ಬಜಾರಿನ ಎಳೆ ಇಲ್ಲಿಗೆ ಬಂದು ಮುಟ್ಟುತ್ತೆ.

ಕಾದಂಬರಿ ಒಂದು ಕ್ಲಾಸ್‌ರೂಮಿನಲ್ಲಿ ಶುರು. ಮಕ್ಕಳಿಗೆ ಹೆಸರಿನ ಬದಲು ನಂಬರು. ಸಿಸ್ಸಿ ಅನ್ನೋ ಹುಡುಗಿಯನ್ನು ಎಬ್ಬಿಸಿ ಕುದುರೆ ಅಂದರೆ ಏನು ಹೇಳು ಅಂತಾರೆ. ಆಕೆ ಸರ್ಕಸ್ಸಿನವನ ಮಗಳು, ಕುದುರೆಗಳ ನಡುವೆಯೇ ಹುಟ್ಟಿ ಬೆಳೆದವಳು. ಆಕೆಗೆ ಬಾಯಿ ಬರುವುದಿಲ್ಲ. ಪಕ್ಕದ ಬಿಟ್ಜರ್ ಎದ್ದು ಎಷ್ಟು ಕಾಲು, ಎಷ್ಟು ಹಲ್ಲು ಅಂತ ಪಟಪಟ ಒಪ್ಪಿಸುತ್ತಾನೆ. ಅವನಿಗೆ ಶಭಾಷ್. ಕುದುರೆಯ ಮೈಬಿಸಿ ಗೊತ್ತಿದ್ದ ಹುಡುಗಿ ಫೇಲು, ಲಕ್ಷಣ ಕಂಠಪಾಠ ಮಾಡಿದ ಹುಡುಗ ಪಾಸು.

ನನ್ನ ಪ್ರಕಾರ ಕೈಗಾರಿಕಾ ಕಾಲದ ಇಂಗ್ಲಿಷ್ ಸಾಹಿತ್ಯದ ಹೊಟ್ಟೆಯುರಿ ಇಡೀ ಇದರಲ್ಲಿದೆ. ಮನೆಯಲ್ಲಿ, ಓಣಿಯಲ್ಲಿ, ಕೆಲಸದಲ್ಲಿ ಮಗು ಕಲಿತದ್ದು ಲೆಕ್ಕಕ್ಕಿಲ್ಲ. ಶಾಲೆಯ ಭಾಷೆಯಲ್ಲಿ ಹೇಳಲು ಬಂದದ್ದು ಮಾತ್ರ ಜ್ಞಾನ. ಮನೆಯಲ್ಲಿ ಕನ್ನಡದಲ್ಲಿ ಗಂಟೆಗಟ್ಟಲೆ ಹರಟುವ ಮಗು ಸ್ಕೂಲಿನಲ್ಲಿ ಮೂಕವಾಗುವುದನ್ನು ನೋಡಿದವರಿಗೆ ಸಿಸ್ಸಿಯ ಪಾಡು ವಿವರಿಸಬೇಕಾಗಿಲ್ಲ.

ಮೊದಲು ಓದಿದವರು ಯಾರು?

ಇಲ್ಲೊಂದು ಸ್ವಾರಸ್ಯ ಇದೆ. ಇಂಗ್ಲಿಷ್ ಸಾಹಿತ್ಯ ಅನ್ನೋ ಪಠ್ಯವಿಷಯ ಇಂಗ್ಲೆಂಡಿನ ಶ್ರೀಮಂತರಿಗಾಗಿ ಹುಟ್ಟಿದ್ದಲ್ಲ. ಅವರು ಆಕ್ಸ್‌ಫರ್ಡಿನಲ್ಲಿ ಗ್ರೀಕು, ಲ್ಯಾಟಿನ್ ಓದುತ್ತಿದ್ದರು. ಅಲ್ಲಿ ಇಂಗ್ಲಿಷ್ ಸಾಹಿತ್ಯಕ್ಕೆ ಪ್ರತ್ಯೇಕ ಆನರ್ಸ್ ಪದವಿ ಬಂದದ್ದು 1890ರ ದಶಕದಲ್ಲಿ. ಅದಕ್ಕೆ ಎಷ್ಟೋ ಮೊದಲೇ ಅದನ್ನು ಓದುತ್ತಿದ್ದವರು ಮೂರು ಗುಂಪಿನವರು. ಒಂದು, ದುಡಿದು ದಣಿದು ಸಂಜೆ ಮೆಕ್ಯಾನಿಕ್ಸ್ ಇನ್‌ಸ್ಟಿಟ್ಯೂಟ್‌ಗಳಿಗೆ ಬರುತ್ತಿದ್ದ ಕಾರ್ಮಿಕರು. ಎರಡು, 1848–49ರಲ್ಲಿ ಲಂಡನ್ನಿನಲ್ಲಿ ತೆರೆದ ಮಹಿಳಾ ಕಾಲೇಜುಗಳ ಹೆಣ್ಣುಮಕ್ಕಳು. ಮೂರು, ನಾವು. 1835ರಲ್ಲಿ ಮೆಕಾಲೆಯ ಟಿಪ್ಪಣಿ ಬಂತು, 1857ರಲ್ಲಿ ಕಲ್ಕತ್ತ, ಬೊಂಬಾಯಿ, ಮದ್ರಾಸಿನಲ್ಲಿ ಯೂನಿವರ್ಸಿಟಿಗಳು ಬಂದವು, ನಮ್ಮ ಹುಡುಗರು ಶೇಕ್ಸ್‌ಪಿಯರ್ ಪರೀಕ್ಷೆ ಬರೆದರು.

ಕೊಟ್ಟವರ ಉದ್ದೇಶ ಸರಳ. ಕಾರ್ಮಿಕ ಸುಮ್ಮನಿರಲಿ, ಹೆಂಗಸು ಸಂಸ್ಕಾರವಂತೆಯಾಗಲಿ, ಇಂಡಿಯಾದವನು ಒಳ್ಳೇ ಗುಮಾಸ್ತನಾಗಲಿ. ತೆಗೆದುಕೊಂಡವರು ಅದನ್ನು ತಮಗೆ ಬೇಕಾದ ಹಾಗೆ ಬಳಸಿದರು. ನಮ್ಮ ಕನ್ನಡದ ಉದಾಹರಣೆ ಬಿ.ಎಂ. ಶ್ರೀಕಂಠಯ್ಯ. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಇಂಗ್ಲಿಷ್ ಮೇಷ್ಟ್ರು. 1911ರಲ್ಲಿ ಧಾರವಾಡಕ್ಕೆ ಹೋಗಿ ಕನ್ನಡ ಮಾತು ತಲೆಯೆತ್ತುವ ಬಗೆ ಹೇಗೆ ಅಂತ ಭಾಷಣ ಮಾಡಿದವರು. 1920ರ ದಶಕದಲ್ಲಿ ಬಂದ ಅವರ 'ಇಂಗ್ಲಿಷ್ ಗೀತಗಳು' ಸಂಗ್ರಹದಲ್ಲಿ 'ದುಃಖಸೇತು' ಅನ್ನೋ ಪದ್ಯ ಇದೆ. ಮೂಲ ಥಾಮಸ್ ಹುಡ್ ಅವರದು, 1844ರದ್ದು. ಲಂಡನ್ನಿನ ಒಂದು ಸೇತುವೆಯಿಂದ ಹಾರಿ ಸತ್ತ, ಮನೆಮಠ ಇಲ್ಲದ ಹೆಣ್ಣೊಬ್ಬಳ ಬಗ್ಗೆ. ಆ ಮಹಾನಗರದ ಕತ್ತಲೆಯನ್ನು ಕನ್ನಡಕ್ಕೆ ತಂದದ್ದು ಆ ಪದ್ಯ. ತಂದವರಿಗೆ ಎರಡೂ ಭಾಷೆಯ ಒಳಗು ಗೊತ್ತಿತ್ತು. ಬರೀ ಸ್ಪೋಕನ್ ಇಂಗ್ಲಿಷ್ ಕಲಿತಿದ್ದರೆ ಅದು ಆಗುತ್ತಿರಲಿಲ್ಲ, ಕನ್ನಡ ಬರೀ ಮನೆಮಾತಾಗಿ ಉಳಿದಿದ್ದರೂ ಆಗುತ್ತಿರಲಿಲ್ಲ.

ಮತ್ತೆ ಹೈದರಾಬಾದಿಗೆ

ರೆಸಿಡೆನ್ಸಿ ಬಜಾರಿನಲ್ಲಿ 1901ರಲ್ಲಿ ಶ್ರೀಕೃಷ್ಣದೇವರಾಯ ಆಂಧ್ರ ಭಾಷಾ ನಿಲಯಂ ಎಂಬ ತೆಲುಗು ಪುಸ್ತಕಾಲಯ ಶುರುವಾಯಿತು. ನಿಜಾಮರ ರಾಜ್ಯದಲ್ಲಿ ಸರ್ಕಾರದ ಭಾಷೆ ಉರ್ದು. ಜನರ ಭಾಷೆ ತೆಲುಗು, ಮರಾಠಿ, ಕನ್ನಡ. ಬ್ರಿಟಿಷರ ಬಜಾರಿನಲ್ಲಿ ತೆಲುಗಿಗೊಂದು ಬಾಗಿಲು ತೆರೆಯಿತು ನೋಡಿ.

1918ರಲ್ಲಿ ಉಸ್ಮಾನಿಯಾ ಯೂನಿವರ್ಸಿಟಿ ಹುಟ್ಟಿತು. ಆ ಕಾಲಕ್ಕೆ ಅದು ಧೈರ್ಯದ ಪ್ರಯೋಗ. ವಿಜ್ಞಾನ, ಮೆಡಿಕಲ್, ಇಂಜಿನಿಯರಿಂಗ್ ಎಲ್ಲ ಉರ್ದುವಿನಲ್ಲಿ; ಇಂಗ್ಲಿಷ್ ಒಂದು ಕಡ್ಡಾಯ ವಿಷಯ. ಅದಕ್ಕಾಗಿ ಭಾಷಾಂತರ ಕಚೇರಿ ತೆರೆದು ನೂರಾರು ಪುಸ್ತಕ ಉರ್ದುವಿಗೆ ತಂದರು. ಭಾರತದ ಭಾಷೆಯಲ್ಲಿ ಉನ್ನತ ಶಿಕ್ಷಣ ಆಗುವುದಿಲ್ಲ ಅನ್ನುವವರಿಗೆ ಅದೊಂದು ಉತ್ತರ. ಆದರೆ ಆ ರಾಜ್ಯದಲ್ಲಿ ಉರ್ದು ಮನೆಮಾತಾಗಿದ್ದವರು ಸುಮಾರು ಹತ್ತರಲ್ಲಿ ಒಬ್ಬರು, ಕನ್ನಡದವರೂ ಹೆಚ್ಚುಕಮ್ಮಿ ಅಷ್ಟೇ. ರಾಯಚೂರು, ಕಲಬುರಗಿ, ಬೀದರ, ಕೊಪ್ಪಳದ ಹುಡುಗನಿಗೆ ಈ ಸ್ವಭಾಷೆಯೂ ಪರಭಾಷೆಯೇ. ಕೊಪ್ಪಳದ ಕಡೆಯ ಸಿದ್ದಯ್ಯ ಪುರಾಣಿಕರಂಥವರು ಉಸ್ಮಾನಿಯಾದಲ್ಲಿ ಓದಿಯೂ ಕನ್ನಡದ ಕವಿಗಳಾದರು. ಎಲ್ಲರಿಗೂ ಆ ಶಕ್ತಿ ಎಲ್ಲಿಂದ ಬರಬೇಕು? 1948ರ ನಂತರ ಯೂನಿವರ್ಸಿಟಿ ಇಂಗ್ಲಿಷಿಗೆ ತಿರುಗಿತು. ಆ ಉರ್ದು ಪುಸ್ತಕಗಳು ಕಪಾಟು ಸೇರಿದವು.

ಕರ್ಕ್‌ಪ್ಯಾಟ್ರಿಕ್ ಬಂಗಲೆ ಏನಾಯ್ತು? 1924ರಲ್ಲಿ ಶುರುವಾಗಿದ್ದ ಮಹಿಳಾ ಕಾಲೇಜು 1949ರಲ್ಲಿ ಅಲ್ಲಿಗೆ ಬಂತು. ಅದೇ ಕೋಠಿ ವುಮೆನ್ಸ್ ಕಾಲೇಜು. ಈಗ ಚಾಕಲಿ ಐಲಮ್ಮನವರ ಹೆಸರಿನ ಮಹಿಳಾ ವಿಶ್ವವಿದ್ಯಾಲಯ. ನಿಜಾಮರ ಕಾಲದ ಜಮೀನುದಾರರ ವಿರುದ್ಧ ತನ್ನ ಹೊಲಕ್ಕಾಗಿ ನಿಂತ ಅಗಸರ ಹೆಣ್ಣುಮಗಳ ಹೆಸರು ರೆಸಿಡೆಂಟ್ ಸಾಹೇಬರ ಮನೆಗೆ! ಕಿಟ್ಟಿಯನ್ನು ಮೂರು ವರ್ಷಕ್ಕೆ ಹೊರಗೆ ಕಳಿಸಿದ ಆವರಣಕ್ಕೆ ಇವತ್ತು ಮನೆಯಲ್ಲಿ ತೆಲುಗು, ಉರ್ದು, ಮರಾಠಿ, ಕನ್ನಡ ಆಡುವ ಹೆಣ್ಣುಮಕ್ಕಳು ಬಂದು ಕಲಿಯುತ್ತಾರೆ.

ಅಜ್ಜಿಯ ಪತ್ರ

ಕಿಟ್ಟಿಯ ಕಥೆ ಮುಗಿದಿಲ್ಲ. 1829ರಲ್ಲಿ ಆಕೆ ಒಬ್ಬ ಸೇನಾಧಿಕಾರಿಯನ್ನು ಮದುವೆಯಾಗಿ ಇಂಗ್ಲೆಂಡಿನಲ್ಲೇ ನೆಲೆಸಿದಳು. 1840ರ ದಶಕದಲ್ಲಿ, ಹೊರಟುಬಂದು ಸುಮಾರು 36 ವರ್ಷವಾದ ಮೇಲೆ, ಹೈದರಾಬಾದಿನಲ್ಲಿ ತಾಯಿಯ ತಾಯಿ ಶರಫುನ್ನೀಸಾ ಇನ್ನೂ ಬದುಕಿದ್ದಾರೆ ಅಂತ ತಿಳಿಯಿತು. ಪತ್ರ ಬರೆದಳು. ಅಜ್ಜಿ ಉತ್ತರ ಕೊಟ್ಟರು. ಕೆಲವು ವರ್ಷ ಪತ್ರಗಳು ಹೋಗಿಬಂದವು. ತೀರಿಹೋದ ತಾಯಿಯ ಕೂದಲಿನ ಒಂದು ಎಳೆಯನ್ನು ಅಜ್ಜಿ ಮೊಮ್ಮಗಳಿಗೆ ಕಳಿಸಿಕೊಟ್ಟರು.

ಮೊಮ್ಮಗಳು ಬರೆದದ್ದು ಇಂಗ್ಲಿಷಿನಲ್ಲಿ, ಅಜ್ಜಿ ಬರೆಸಿದ್ದು ಪಾರ್ಸಿಯಲ್ಲಿ. ನಡುವೆ ಮೂರನೆಯವರು ಕೂತು ಅನುವಾದ ಮಾಡಬೇಕಿತ್ತು. ಒಂದೇ ರಕ್ತ, ಒಂದೇ ದುಃಖ, ಹೇಳಿಕೊಳ್ಳೋಕೆ ದುಭಾಷಿ. 1847ರಲ್ಲಿ ಅಜ್ಜಿ ತೀರಿಕೊಂಡರು. ಇಬ್ಬರೂ ಮತ್ತೆ ಮುಖ ನೋಡಲಿಲ್ಲ. ಕಿಟ್ಟಿ ತೀರಿಕೊಂಡದ್ದು 1889ರಲ್ಲಿ.

ಕಿಟ್ಟಿಗೆ ಆಯ್ಕೆ ಇರಲಿಲ್ಲ. ನಮಗೆ ಇದೆ, ಅದಕ್ಕೇ ಇಷ್ಟೆಲ್ಲ ಹೇಳಿದೆ. ಹೈದರಾಬಾದಿನಿಂದ ಊರು ಒಂದು ರಾತ್ರಿಯ ಪ್ರಯಾಣ, ಕಾಚಿಗುಡದಲ್ಲಿ ರೈಲು ಹತ್ತಿದರೆ ಬೆಳಗ್ಗೆ ಕನ್ನಡ. ಅಮೆರಿಕದಲ್ಲಿರುವವರಿಗೂ ವಿಡಿಯೋ ಕಾಲ್ ಇದೆ. ಆದರೂ ಎಷ್ಟೋ ಮನೆಗಳಲ್ಲಿ ಅಜ್ಜಿ ಮಾತಾಡಿದರೆ ಮೊಮ್ಮಗು ಅಪ್ಪನ ಮುಖ ನೋಡುತ್ತೆ, ಅಪ್ಪ ದುಭಾಷಿಯಾಗ್ತಾನೆ. ಊಟ ಆಯ್ತಾ, ಹೇಗಿದ್ದೀಯಾ ಅನ್ನೋದರ ಆಚೆ ಮಾತು ಹೋಗಲ್ಲ.

ಮೊದಲಿನ ಎರಡು ಪ್ರಶ್ನೆಗಳಿಗೆ ನನ್ನ ಉತ್ತರ ಇಷ್ಟೇ. ಬರೀ ಕೆಲಸಕ್ಕೆ ಬೇಕಾದಷ್ಟು ಇಂಗ್ಲಿಷ್ ಕಲಿಸಿದರೆ ಬಿಟ್ಜರ್ ತಯಾರಾಗ್ತಾನೆ, ಅವನಿಗೆ ನೌಕರಿಯೂ ಸಿಗುತ್ತೆ. ಆ ನೌಕರಿ ತನ್ನನ್ನು ಏನು ಮಾಡುತ್ತಿದೆ ಅಂತ ಕೇಳುವ ಮಾತು ಅವನ ಹತ್ತಿರ ಇರಲ್ಲ. ಆ ಮಾತು ಸಿಗುವುದು ಡಿಕನ್ಸ್‌ನಂಥವರಲ್ಲಿ, ಯಾಕೆಂದರೆ ಯಂತ್ರದ ಕಾಲ ಮೊದಲು ಅವರ ಮನೆಗೇ ಬಂದಿತ್ತು. ಕನ್ನಡ ಬರೀ ಊಟತಿಂಡಿಯ ಮಾತಾಗಿ ಉಳಿದರೆ ಅಜ್ಜಿಯ ಎದುರು ಮಗು ಸಿಸ್ಸಿಯ ಹಾಗೆ ನಿಲ್ಲುತ್ತೆ, ಗೊತ್ತಿದ್ದರೂ ಹೇಳೋಕೆ ಬರಲ್ಲ.

ಆದ್ದರಿಂದ ಒಂದು ಕೆಲಸ ಮಾಡಿ ನೋಡಿ. ಕೋಠಿಯ ಹಳೇ ಪುಸ್ತಕದ ಸಾಲಿನಲ್ಲಿ 'ಹಾರ್ಡ್ ಟೈಮ್ಸ್' ಹುಡುಕಿ. ಮೊದಲ ಎರಡು ಅಧ್ಯಾಯ ಮಗುವಿನ ಜೊತೆ ಓದಿ, ಕುದುರೆಯ ಪ್ರಸಂಗವನ್ನು ಕನ್ನಡದಲ್ಲಿ ಅಜ್ಜಿಗೆ ಹೇಳು ಅಂತ ಫೋನ್ ಕೊಡಿ. ಮಧ್ಯೆ ಬಾಯಿ ಹಾಕಬೇಡಿ. ಮಗು ತಡವರಿಸಲಿ, ಅಜ್ಜಿ ನಗಲಿ, ತಿದ್ದಲಿ. ಏನಾಯ್ತು ಅಂತ ಬರೆದು ಕಳಿಸಿದರೆ ಮುಂದಿನ ಮಾತಿನಲ್ಲಿ ಹೇಳ್ತೀನಿ.